ಬ್ರೌಸರಿನಲ್ಲಿ ಹಾವಿನ ಆಟ: ಹಣ್ಣಿಗಿಂತ ಮೊದಲು ಬಾಲ ನೋಡಿ

ಹಾವಿನ ಆಟದಲ್ಲಿ ನಾನು ತುಂಬಾ ದಿನ 40 ಹಣ್ಣಿನ ಆಸುಪಾಸಿನಲ್ಲೇ ನಿಂತುಬಿಟ್ಟಿದ್ದೆ. ಬೆರಳು ಇನ್ನೂ ಚುರುಕಾಗಬೇಕು ಅಂದುಕೊಂಡು ದಿನಾ ಆಡಿದೆ. ಬೆರಳು ಚುರುಕಾಯಿತು, ಸ್ಕೋರು ಮಾತ್ರ ಏರಲಿಲ್ಲ. ಆಮೇಲೆ ಒಂದು ವಾರ, ಪ್ರತಿ ಸಲ ಔಟ್ ಆದಾಗಲೂ ಹೇಗೆ ಔಟ್ ಆದೆ ಅಂತ ಒಂದೊಂದು ಸಾಲು ಬರೆದಿಟ್ಟೆ. ವಾರದ ಕೊನೆಗೆ ಓದಿ ನೋಡಿದರೆ ಹೆಚ್ಚಿನ ಸಾಲುಗಳು ಒಂದೇ ಥರ ಇದ್ದವು. ಹಣ್ಣು ತಿಂದ ಮೇಲಿನ ನಾಲ್ಕೈದು ಹೆಜ್ಜೆಗಳಲ್ಲೇ ನಾನು ಔಟ್ ಆಗುತ್ತಿದ್ದೆ. ಹಣ್ಣಿಗೆ ಹೋಗುವ ದಾರಿ ನೋಡಿಕೊಂಡಿರುತ್ತಿದ್ದೆ. ಅಲ್ಲಿಂದ ಹೊರಗೆ ಬರುವ ದಾರಿ ನೋಡಿರುತ್ತಿರಲಿಲ್ಲ.

ಈ ಲೇಖನದಲ್ಲಿ ಹೇಳುವುದೆಲ್ಲ ಆ ಒಂದು ವಿಷಯದ ಸುತ್ತಲೇ ಇದೆ. ಹಾವಿನ ಆಟದಲ್ಲಿ ಹಣ್ಣು ಎಲ್ಲಿದೆ ಅನ್ನುವುದು ಸುಲಭದ ಪ್ರಶ್ನೆ, ಅದು ಕಣ್ಣಿಗೆ ಕಾಣುತ್ತದೆ. ಬಾಲ ಎಲ್ಲಿದೆ, ಅದು ಯಾವ ಜಾಗ ಬಿಟ್ಟುಕೊಡುತ್ತಿದೆ ಅನ್ನುವುದೇ ನಿಜವಾದ ಪ್ರಶ್ನೆ.

ಈ ಆಟದ ಮೂಲ ನೋಡಿದರೆ ಬಾಲದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 1976ರಲ್ಲಿ ಅಮೆರಿಕದ ಗ್ರೆಮ್ಲಿನ್ ಕಂಪನಿ ಬ್ಲಾಕೇಡ್ ಅನ್ನುವ ಆರ್ಕೇಡ್ ಆಟ ತಂದಿತು. ಇಬ್ಬರು ಆಡುವ ಆಟ ಅದು. ಇಬ್ಬರೂ ಹೋದ ಕಡೆಯೆಲ್ಲ ಹಿಂದೆ ಒಂದು ಗೋಡೆ ಬಿಟ್ಟುಕೊಂಡು ಹೋಗುತ್ತಿದ್ದರು. ಆ ಗೋಡೆ ಅಲ್ಲೇ ಉಳಿಯುತ್ತಿತ್ತು. ಹಾಗಾಗಿ ಜಾಗ ಕಡಿಮೆಯಾಗುತ್ತಲೇ ಹೋಗಿ ಯಾರಾದರೊಬ್ಬರು ಬಡಿದುಕೊಳ್ಳಲೇಬೇಕಿತ್ತು. 1997ರಲ್ಲಿ ನೋಕಿಯಾ 6110 ಫೋನಿಗೆ ತನೆಲಿ ಅರ್ಮಾಂತೋ ಬರೆದುಕೊಟ್ಟ ಸ್ನೇಕ್ ಈ ಆಟವನ್ನು ಮನೆಮನೆಗೂ ಮುಟ್ಟಿಸಿತು. ಅದರಲ್ಲಿ ಹಾವಿನ ಹಿಂದಿನ ತುದಿ ಮುಂದೆ ಸರಿಯುತ್ತದೆ, ತುಂಬಿದ್ದ ಜಾಗ ಮತ್ತೆ ಖಾಲಿಯಾಗುತ್ತದೆ. ಇವತ್ತು ಬ್ರೌಸರಿನಲ್ಲಿ ನಾವು ಆಡುವುದು ಇದೇ ಬಗೆಯ ಆಟ. ಇಲ್ಲಿ ಬಾಲ ಜಾಗ ಕೊಡುತ್ತದೆ. ಕೊಟ್ಟ ಜಾಗವನ್ನು ಸರಿಯಾಗಿ ಬಳಸಿಕೊಂಡರೆ ಬೋರ್ಡ್ ಪೂರ್ತಿ ತುಂಬುವವರೆಗೂ ಆಡಬಹುದು.

ಆಡುವ ಮುಂಚೆ

ಆಟ ಹುಡುಕುವುದು ಕಷ್ಟವಲ್ಲ. ಗೂಗಲ್‌ನಲ್ಲಿ ‘ಸ್ನೇಕ್ ಗೇಮ್’ ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಫಲಿತಾಂಶದ ಪುಟದಲ್ಲೇ ಆಟ ತೆರೆದುಕೊಳ್ಳುತ್ತದೆ. ಬೋರ್ಡಿನ ಅಳತೆ, ವೇಗ, ಒಂದು ಸಲಕ್ಕೆ ಎಷ್ಟು ಹಣ್ಣು ಅನ್ನುವುದನ್ನೆಲ್ಲ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಬೇರೆ ಸೈಟುಗಳಲ್ಲೂ ಈ ಆಟ ಬೇಕಾದಷ್ಟಿದೆ. ಎಲ್ಲೇ ಆಡಿ, ಹಾವಿನ ಆಟಕ್ಕೆ ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ನೋಟಿಫಿಕೇಶನ್ ಅನುಮತಿಯೂ ಬೇಕಿಲ್ಲ. ಅದನ್ನೆಲ್ಲ ಕೇಳುವ ಪುಟ ಬಂದರೆ ಮುಚ್ಚಿ ಬೇರೆ ಕಡೆ ಹೋಗಿ.

ಆಟ ಶುರುವಾಗುವ ಮುಂಚೆ ಬೋರ್ಡಿನ ಮೇಲೆ ಒಂದು ಸಲ ಕ್ಲಿಕ್ ಮಾಡಿ. ಇಲ್ಲದಿದ್ದರೆ ನೀವು ಬಾಣದ ಕೀ ಒತ್ತಿದಾಗ ಹಾವು ತಿರುಗುವ ಬದಲು ಪುಟವೇ ಮೇಲೆ ಕೆಳಗೆ ಸರಿಯಬಹುದು. ಬೋರ್ಡ್ ಪೂರ್ತಿ ಪರದೆಯೊಳಗೆ ಕಾಣುವ ಹಾಗೆ ಪುಟವನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ. ಆಟದ ಮಧ್ಯೆ ಇನ್ನೊಂದು ಟ್ಯಾಬಿಗೆ ಹೋಗಬೇಡಿ. ಕಾಣದ ಟ್ಯಾಬಿನ ಕೆಲಸವನ್ನು ಬ್ರೌಸರ್ ನಿಲ್ಲಿಸುತ್ತದೆ ಅಥವಾ ನಿಧಾನ ಮಾಡುತ್ತದೆ. ನೀವು ವಾಪಸ್ ಬಂದ ಕ್ಷಣಕ್ಕೆ ಹಾವು ಮತ್ತೆ ಪೂರ್ತಿ ವೇಗದಲ್ಲಿ ಹೊರಟಿರುತ್ತದೆ. ವಿರಾಮದ ಬಟನ್ ಇದ್ದರೆ ಅದನ್ನೇ ಬಳಸಿ.

ಕೀಬೋರ್ಡ್ ಇದ್ದರೆ ಕೀಬೋರ್ಡಿನಲ್ಲೇ ಆಡಿ. ಫೋನಿನಲ್ಲಿ ಬೆರಳು ಎಳೆದು ಆಡುವುದು ಚೆನ್ನಾಗಿಯೇ ಇರುತ್ತದೆ, ಆದರೆ ಪಕ್ಕಪಕ್ಕದ ಎರಡು ತಿರುವುಗಳನ್ನು ಬೇಗ ಬೇಗ ಕೊಡುವುದು ಅದರಲ್ಲಿ ಕಷ್ಟ.

ನಿಮ್ಮ ಆಟದ ಗುಣ ತಿಳಿದುಕೊಳ್ಳಿ

ಹೊರಗಿನಿಂದ ನೋಡಲು ಎಲ್ಲ ಹಾವಿನ ಆಟಗಳೂ ಒಂದೇ. ಒಳಗೆ ಒಂದೊಂದೂ ಸ್ವಲ್ಪ ಬೇರೆ. ಮೊದಲ ಐದಾರು ಆಟಗಳನ್ನು ಸ್ಕೋರಿಗಾಗಿ ಆಡಬೇಡಿ, ಪರೀಕ್ಷೆಗಾಗಿ ಆಡಿ. ಇಲ್ಲಿಂದ ಮುಂದೆ ಬೋರ್ಡಿನ ಪ್ರತಿ ಚೌಕವನ್ನೂ ನಾನು ‘ಮನೆ’ ಅನ್ನುತ್ತೇನೆ.

ಮೊದಲನೆಯದು ಗೋಡೆ. ಬೇಕೆಂದೇ ಹೋಗಿ ಬಡಿಯಿರಿ. ಕೆಲವು ಆಟಗಳಲ್ಲಿ ಔಟ್ ಆಗುತ್ತೀರಿ. ಇನ್ನು ಕೆಲವದರಲ್ಲಿ ಹಾವು ಎದುರು ಬದಿಯಿಂದ ಹೊರಗೆ ಬರುತ್ತದೆ. ಈ ಲೇಖನದಲ್ಲಿ ಗೋಡೆ ಬಡಿದರೆ ಔಟ್ ಅನ್ನುವ ಆಟವನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ.

ಎರಡನೆಯದು ಬಾಲದ ತುದಿ. ಹಾವು ಎಂಟು ಹತ್ತು ಮನೆ ಉದ್ದವಾದ ಮೇಲೆ ಸುತ್ತು ಹೊಡೆದು, ತಲೆಯನ್ನು ನೇರವಾಗಿ ಬಾಲದ ತುದಿ ಇರುವ ಮನೆಗೆ ನುಗ್ಗಿಸಿ. ತುಂಬಾ ಆಟಗಳಲ್ಲಿ ಏನೂ ಆಗುವುದಿಲ್ಲ. ತಲೆ ಒಳಗೆ ಬರುವ ಹೆಜ್ಜೆಯಲ್ಲೇ ಬಾಲ ಆ ಮನೆ ಬಿಟ್ಟು ಹೋಗಿರುತ್ತದೆ. ಕೆಲವು ಆಟಗಳಲ್ಲಿ ಮಾತ್ರ ಔಟ್ ಕೊಡುತ್ತಾರೆ. ಹಾಗಿದ್ದರೆ ತಲೆಗೂ ಬಾಲಕ್ಕೂ ನಡುವೆ ಯಾವಾಗಲೂ ಒಂದು ಮನೆ ಬಿಡಬೇಕು. ಇದು ಚಿಕ್ಕ ವ್ಯತ್ಯಾಸದ ಹಾಗೆ ಕಾಣುತ್ತದೆ, ಕೊನೆಯ ಹಂತದಲ್ಲಿ ಆಟ ನಿಲ್ಲುವುದೇ ಇದರ ಮೇಲೆ.

ಮೂರನೆಯದು ಬೆಳವಣಿಗೆ. ಹಣ್ಣು ತಿಂದಾಗ ಹಾವು ಒಂದು ಮನೆ ಬೆಳೆಯುತ್ತದೆಯಾ, ಮೂರು ನಾಲ್ಕು ಮನೆ ಬೆಳೆಯುತ್ತದೆಯಾ? ಬೆಳೆಯುವುದು ಅಂದರೆ ಬಾಲ ಅಷ್ಟು ಹೆಜ್ಜೆ ಕದಲದೆ ಇದ್ದಲ್ಲೇ ನಿಲ್ಲುತ್ತದೆ ಅಂತ ಅರ್ಥ. ಬಾಲದ ಬೆನ್ನಿಗೆ ಅಂಟಿಕೊಂಡು ಓಡುತ್ತಿರುವಾಗ ಹಣ್ಣು ತಿಂದು, ಮುಂದಿನ ಹೆಜ್ಜೆಯಲ್ಲಿ ಬಾಲಕ್ಕೆ ಬಡಿದು ಔಟ್ ಆಗುವುದು ಈ ಕಾರಣಕ್ಕೇ.

ನಾಲ್ಕನೆಯದು ಕೀ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ದಯವಿಟ್ಟು ಮಾಡಿ. ಹಾವು ಬಲಕ್ಕೆ ಓಡುತ್ತಿದೆ ಅಂದುಕೊಳ್ಳಿ. ಮೇಲಿನ ಕೀ, ಎಡದ ಕೀ, ಎರಡನ್ನೂ ಆದಷ್ಟು ಬೇಗ ಒಂದರ ಹಿಂದೆ ಒಂದು ಒತ್ತಿ. ಚೆನ್ನಾಗಿ ಬರೆದ ಆಟ ಎರಡೂ ಕೀಗಳನ್ನು ಸರದಿಯಲ್ಲಿ ಇಟ್ಟುಕೊಳ್ಳುತ್ತದೆ. ಹಾವು ಒಂದು ಮನೆ ಮೇಲೆ ಹೋಗಿ, ಆಮೇಲೆ ಎಡಕ್ಕೆ ತಿರುಗುತ್ತದೆ. ಅವಸರದಲ್ಲಿ ಬರೆದ ಆಟದಲ್ಲಿ ಕೊನೆಯ ಕೀ ಮಾತ್ರ ಉಳಿಯುತ್ತದೆ. ಬಲಕ್ಕೆ ಓಡುತ್ತಿದ್ದ ಹಾವು ನಿಂತಲ್ಲೇ ಎಡಕ್ಕೆ ತಿರುಗಿ ತನ್ನ ಕುತ್ತಿಗೆಯನ್ನೇ ಕಚ್ಚುತ್ತದೆ. ‘ನಾನು ಸರಿಯಾಗೇ ಒತ್ತಿದ್ದೆ, ಆದರೂ ಔಟ್ ಆಯಿತು’ ಅಂತ ಅನಿಸುವುದು ಸಾಮಾನ್ಯವಾಗಿ ಇಂಥ ಆಟಗಳಲ್ಲಿ. ಅದರಲ್ಲೇ ಆಡಬೇಕಾದರೆ ಎರಡು ಕೀಗಳ ನಡುವೆ ಹಾವು ಒಂದು ಮನೆ ಸರಿಯುವುದನ್ನು ಕಣ್ಣಾರೆ ಕಂಡು ಒತ್ತಿ. ಆಯ್ಕೆ ಇದ್ದರೆ ಬೇರೆ ಆಟ ಹಿಡಿಯಿರಿ.

ಬೆರಳು ಮತ್ತು ಕಣ್ಣು

ತೋರುಬೆರಳು ಎಡದ ಕೀ ಮೇಲೆ, ಉಂಗುರಬೆರಳು ಬಲದ ಕೀ ಮೇಲೆ, ನಡುಬೆರಳು ಮೇಲಿನ ಮತ್ತು ಕೆಳಗಿನ ಕೀಗಳಿಗೆ. ಬೆರಳುಗಳು ಕೀ ಮೇಲೇ ಕೂತಿರಲಿ, ಎತ್ತಿ ಹೊಡೆಯಬೇಡಿ. ಡಬ್ಲ್ಯು, ಎ, ಎಸ್, ಡಿ ಕೀಗಳಲ್ಲಿ ಆಡಿ ಅಭ್ಯಾಸ ಇದ್ದರೆ ಅದೂ ನಡೆಯುತ್ತದೆ.

ಕಣ್ಣಿನ ವಿಷಯ ಇದಕ್ಕಿಂತ ಮುಖ್ಯ. ಹಾವು ಸೆಕೆಂಡಿಗೆ 8 ಮನೆ ಓಡುತ್ತಿದ್ದರೆ ಒಂದು ಮನೆಗೆ 125 ಮಿಲಿಸೆಕೆಂಡ್ ಆಯಿತು. ಏನನ್ನಾದರೂ ಕಂಡು ಬೆರಳು ಒತ್ತಲು ನಮಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅಂದರೆ ನೀವು ಅಪಾಯ ಕಂಡು ಕೀ ಒತ್ತುವಷ್ಟರಲ್ಲಿ ಹಾವು ಎರಡು ಮನೆ ದಾಟಿರುತ್ತದೆ. ತಲೆಯನ್ನೇ ನೋಡುತ್ತಾ ಆಡಿದರೆ ಈ ಎರಡು ಮನೆಯ ಸಾಲ ಯಾವತ್ತೂ ತೀರುವುದಿಲ್ಲ. ಕಣ್ಣು ಮುಂದಿನ ತಿರುವಿನ ಮೇಲೆ ಇರಲಿ. ಆ ತಿರುವು ಯಾವ ಕಡೆಗೆ ಅನ್ನುವುದು ಹಾವು ಅಲ್ಲಿಗೆ ತಲುಪುವ ಮುಂಚೆಯೇ ತೀರ್ಮಾನ ಆಗಿರಬೇಕು. ಆಗ ಬೆರಳಿಗೆ ಉಳಿಯುವುದು ತಾಳ ಮಾತ್ರ.

ಹಾವು ಚಿಕ್ಕದಿರುವಾಗ

ಮೊದಲ 15 ಹಣ್ಣಿನವರೆಗೆ ಹೇಗೆ ಹೋದರೂ ನಡೆಯುತ್ತದೆ. ನೇರವಾಗಿ ಹೋಗಿ ತಿನ್ನಿ. ಆದರೆ ಎರಡು ಅಭ್ಯಾಸಗಳನ್ನು ಇಲ್ಲಿಂದಲೇ ಹಿಡಿಸಿಕೊಳ್ಳಿ.

ಗೋಡೆ ಪಕ್ಕದ ಹಣ್ಣಿಗೆ ಗೋಡೆಯ ಗುಂಟ ಹೋಗಿ. ಗೋಡೆಗೆ ಎದುರಾಗಿ ಓಡಿ ಬಂದರೆ ತಿಂದ ಮರುಹೆಜ್ಜೆಯೇ ತಿರುಗಬೇಕು, ತಡವಾದರೆ ಔಟ್. ಗುಂಟ ಬಂದರೆ ತಿಂದ ಮೇಲೂ ನೇರ ಹೋಗಬಹುದು, ಯೋಚಿಸಲು ಸಮಯ ಸಿಗುತ್ತದೆ. ಮೂಲೆಯ ಹಣ್ಣಿಗೆ ಈ ಸೌಕರ್ಯ ಇಲ್ಲ. ಅಲ್ಲಿ ಹೊರಗೆ ಬರುವ ದಾರಿ ಒಂದೇ. ಆ ಒಂದು ದಾರಿ ಖಾಲಿ ಇದೆ ಅಂತ ನೋಡಿಕೊಂಡೇ ಮೂಲೆಗೆ ಹೋಗಿ.

ಎರಡನೇ ಅಭ್ಯಾಸ, ಮಧ್ಯದಲ್ಲಿ ಸುಮ್ನೆ ಅಲೆಯದೆ ಅಂಚಿನಲ್ಲಿ ಓಡುವುದು. ಹಾವಿನ ಮೈ ಅಂಚಿಗೆ ಅಂಟಿಕೊಂಡಿದ್ದರೆ ಮಧ್ಯದ ಜಾಗ ಒಂದೇ ದೊಡ್ಡ ಬಯಲಾಗಿ ಉಳಿಯುತ್ತದೆ. ಮೈ ಮಧ್ಯದಲ್ಲಿ ಬಿದ್ದುಕೊಂಡಿದ್ದರೆ ಅದೇ ಬಯಲು ಎರಡು ಮೂರು ತುಂಡಾಗುತ್ತದೆ.

ಬಾಲದ ಲೆಕ್ಕ

ಹಾವು 30 ಮನೆ ದಾಟಿದ ಮೇಲೆ ಆಟದ ಸ್ವಭಾವವೇ ಬದಲಾಗುತ್ತದೆ. ಈಗ ಪ್ರತಿ ಹಣ್ಣಿಗೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತಿಂದ ಮೇಲೆ ನನ್ನ ತಲೆಯಿಂದ ಬಾಲದವರೆಗೆ ದಾರಿ ಇರುತ್ತದೆಯಾ?

ಬಾಲಕ್ಕೆ ದಾರಿ ಇದ್ದರೆ ಹಾವು ಉಳಿಯುತ್ತದೆ. ಬಾಲ ಹೋದ ದಾರಿಯಲ್ಲೇ ನೀವೂ ಹೋಗುತ್ತಾ ಇರಬಹುದು, ಅದು ಬಿಟ್ಟ ಮನೆಗಳನ್ನು ತುಂಬುತ್ತಾ ಇರಬಹುದು. ನಿಮ್ಮ ಮೈಯೇ ಮುಂದೆ ಮುಂದೆ ದಾರಿ ತೆರೆಯುತ್ತದೆ. ದಾರಿ ಇಲ್ಲದಿದ್ದರೆ ಹಣ್ಣನ್ನು ಬಿಟ್ಟು ಒಂದು ಸುತ್ತು ಹೊಡೆಯಿರಿ. ಹಣ್ಣು ಎಲ್ಲೂ ಓಡಿಹೋಗುವುದಿಲ್ಲ. ಒಂದು ಸುತ್ತು ಬರುವಷ್ಟರಲ್ಲಿ ಮೈಯ ಆಕಾರ ಬದಲಾಗಿ ದಾರಿ ತೆರೆದಿರುತ್ತದೆ.

ಕೆಲವು ಸಲ ನೋಡಿಕೊಂಡು ಆಡಿದರೂ ನಿಮ್ಮದೇ ಮೈ ಸುತ್ತುವರಿದ ಒಂದು ಸಂದಿಯೊಳಗೆ ಸಿಕ್ಕಿಬೀಳುತ್ತೀರಿ. ಆಗ ಗಾಬರಿ ಬೇಡ, ಲೆಕ್ಕ ಮಾಡಿ. ಸಂದಿಯ ಬಾಯಿ ಮುಚ್ಚಿರುವುದು ನಿಮ್ಮ ಮೈಯ ಒಂದು ಮನೆ, ಅದೇ ಬಾಗಿಲು. ಆ ಮನೆ ಬಾಲದ ತುದಿಯಿಂದ ಎಷ್ಟನೆಯದು? 20ನೆಯದು ಅಂತಿಟ್ಟುಕೊಳ್ಳಿ. ಹಾಗಾದರೆ 20 ಹೆಜ್ಜೆಯಲ್ಲಿ ಬಾಗಿಲು ತೆರೆಯುತ್ತದೆ. ಸಂದಿಯೊಳಗೆ 24 ಖಾಲಿ ಮನೆ ಇದ್ದರೆ, ಮಡಚಿ ಮಡಚಿ ಓಡಿ 20 ಹೆಜ್ಜೆ ಕಳೆಯಬಹುದು, ಆಮೇಲೆ ಹೊರಗೆ ಬರಬಹುದು. 12 ಮನೆ ಮಾತ್ರ ಇದ್ದರೆ ಆಟ ಮುಗಿಯಿತು. ಒಳಗೆ ಹಣ್ಣು ತಿಂದರೆ ಬಾಗಿಲು ತೆರೆಯುವುದು ಇನ್ನೊಂದು ಹೆಜ್ಜೆ ತಡ. ಹಾಗಾಗಿ ಸಂದಿಯೊಳಗೆ ಇಕ್ಕಟ್ಟಿದ್ದರೆ ಹಣ್ಣನ್ನು ಮುಟ್ಟದೆ ಬಳಸಿಕೊಂಡು ಹೋಗಿ.

ಓಡುವ ಆಟದಲ್ಲಿ 20 ಅಂತ ಎಣಿಸುತ್ತಾ ಕೂರಲು ಆಗುವುದಿಲ್ಲ, ನಿಜ. ಎಣಿಸಬೇಕಿಲ್ಲ. ಬಾಗಿಲಿನ ಮನೆ ಬಾಲದ ಕಡೆಗೆ ಹತ್ತಿರವಾ, ಕುತ್ತಿಗೆಯ ಕಡೆಗೆ ಹತ್ತಿರವಾ ಅಂತ ಒಂದು ನೋಟದಲ್ಲಿ ಗೊತ್ತಾದರೆ ಸಾಕು. ಬಾಲದ ಕಡೆಗಿದ್ದರೆ ಸಣ್ಣ ಸಂದಿಯೊಳಗೂ ಧೈರ್ಯವಾಗಿ ಹೋಗಬಹುದು. ಈಗಷ್ಟೇ ತಲೆ ದಾಟಿ ಬಂದ ಮೈಯೇ ಬಾಗಿಲಾಗಿದ್ದರೆ ಅದು ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಅಂಥ ಸಂದಿಗೆ ಹೋಗಲೇಬೇಡಿ.

ಸಂದಿಯೊಳಗೆ ಸಮಯ ಕಳೆಯುವಾಗ ಬಾಗಿಲಿನಿಂದ ದೂರದ ಮನೆಗಳನ್ನು ಮೊದಲು ತುಂಬಿ. ಕೊನೆಯಲ್ಲಿ ತಲೆ ಬಾಗಿಲ ಹತ್ತಿರ ಇರಬೇಕು. ನಾನು ಮೊದಮೊದಲು ಬಾಗಿಲ ಹತ್ತಿರವೇ ಸುತ್ತುತ್ತಾ ಕಾಯುತ್ತಿದ್ದೆ. ಅಲ್ಲಿನ ಮನೆಗಳು ತುಂಬಿ ಹೋಗಿ, ಬಾಗಿಲು ತೆರೆದಾಗ ತಲೆ ಆಚೆ ಕಡೆ ಸಿಕ್ಕಿಕೊಂಡಿರುತ್ತಿತ್ತು.

ಉಳುಮೆ ಸಾಲು

ಉದ್ದದ ಮೈಯನ್ನು ಕಡಿಮೆ ಜಾಗದಲ್ಲಿ ಇಡಲು ಹಳೆಯ ಉಪಾಯ ಒಂದೇ. ಹೊಲ ಉಳುವಾಗ ಎತ್ತುಗಳು ಒಂದು ತುದಿಯವರೆಗೆ ಹೋಗಿ, ಅಲ್ಲೇ ತಿರುಗಿ, ಪಕ್ಕದ ಸಾಲಿನಲ್ಲಿ ವಾಪಸ್ ಬರುತ್ತವಲ್ಲ, ಹಾಗೆ. ಕೆಳಗೆ ಹೋಗಿ, ಒಂದು ಮನೆ ಪಕ್ಕಕ್ಕೆ, ಮೇಲೆ ಬನ್ನಿ, ಒಂದು ಮನೆ ಪಕ್ಕಕ್ಕೆ, ಮತ್ತೆ ಕೆಳಗೆ. ಸಾಲುಗಳ ನಡುವೆ ಜಾಗ ಬಿಡಬೇಡಿ. ಒಂದೇ ಒಂದು ಮನೆಯ ತೂತು ಬಿಟ್ಟರೂ ಮುಂದಿನ ಹಣ್ಣು ಅಲ್ಲೇ ಬಂದು ಕೂರಬಹುದು, ಮೈ ಅಲ್ಲಿಂದ ಸರಿಯುವವರೆಗೆ ಅದು ನಿಮಗೆ ಸಿಗುವುದಿಲ್ಲ.

ಪ್ರತಿ ತುದಿಯಲ್ಲೂ ಬೇಗ ಬೇಗ ಎರಡು ಕೀ ಒತ್ತಬೇಕು. ಕೆಳಗೆ ಬಂದಾಗ ಬಲ, ಮೇಲೆ. ಮೇಲೆ ಹೋದಾಗ ಬಲ, ಕೆಳಗೆ. ಇದು ಬೆರಳಿಗೆ ಕೂರುವವರೆಗೆ ಹಣ್ಣಿನ ಯೋಚನೆಯೇ ಇಲ್ಲದೆ ಬರಿ ಸಾಲು ಹೊಡೆಯಿರಿ. ನನಗೆ ಇದಕ್ಕೆ ಮೂರು ನಾಲ್ಕು ದಿನ ಬೇಕಾಯಿತು. ಆಮೇಲೆ ಕೈಗೆ ಬಂದದ್ದು ಹೋಗಲೇ ಇಲ್ಲ.

ಬೋರ್ಡ್ ತುಂಬುವ ಸುತ್ತು

ಉಳುಮೆ ಸಾಲಿನ ಒಂದೇ ತೊಂದರೆ ಅಂದರೆ, ಬೋರ್ಡಿನ ಆಚೆ ತುದಿ ತಲುಪಿದ ಮೇಲೆ ಶುರು ಮಾಡಿದ ಜಾಗಕ್ಕೆ ಬರುವುದು ಹೇಗೆ? ಉತ್ತರ ಸರಳ. ವಾಪಸ್ ಬರಲು ಒಂದು ಸಾಲನ್ನು ಮೊದಲೇ ಮೀಸಲಿಡಿ. ಎಲ್ಲಕ್ಕಿಂತ ಮೇಲಿನ ಅಡ್ಡಸಾಲನ್ನು ರಸ್ತೆ ಅಂದುಕೊಳ್ಳಿ. ಉಳುಮೆ ಎಲ್ಲ ಅದರ ಕೆಳಗೆ.

ಗೂಗಲ್ ಸ್ನೇಕ್‌ನ ಚಿಕ್ಕ ಬೋರ್ಡ್ 10 ಕಂಬಸಾಲು, 9 ಅಡ್ಡಸಾಲಿನದು. ಒಟ್ಟು 90 ಮನೆ. ಕಲಿಯಲು ಇದು ಬಹಳ ಒಳ್ಳೆಯದು. ಎಡಮೇಲಿನ ಮೂಲೆಯಿಂದ ಹೊರಡಿ. 1ನೇ ಕಂಬಸಾಲಿನಲ್ಲಿ ಕೊನೆಯವರೆಗೆ ಕೆಳಗೆ. 2ನೇ ಕಂಬಸಾಲಿನಲ್ಲಿ ಮೇಲೆ, ಆದರೆ ಎರಡನೇ ಅಡ್ಡಸಾಲಿನವರೆಗೆ ಮಾತ್ರ, ರಸ್ತೆಗೆ ಹೋಗಬಾರದು. 3ರಲ್ಲಿ ಕೆಳಗೆ, 4ರಲ್ಲಿ ಮೇಲೆ. ಹೀಗೇ ಹೋದರೆ 10ನೇ ಕಂಬಸಾಲಿನಲ್ಲಿ ನೀವು ಮೇಲೆ ಬರುತ್ತಿರುತ್ತೀರಿ. ಅಲ್ಲಿ ಮಾತ್ರ ನಿಲ್ಲದೆ ರಸ್ತೆಯವರೆಗೂ ಬನ್ನಿ, ಎಡಕ್ಕೆ ತಿರುಗಿ, ರಸ್ತೆ ಹಿಡಿದು ಮೊದಲಿನ ಮೂಲೆಗೆ ಬನ್ನಿ. 90 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿದಿರಿ, ಹೊರಟ ಜಾಗಕ್ಕೇ ಬಂದಿರಿ. ಇದೇ ಸುತ್ತಿನಲ್ಲಿ ತಿರುಗುತ್ತಾ ಇದ್ದರೆ ತಲೆ ಮೈಗೆ ಬಡಿಯಲು ಸಾಧ್ಯವೇ ಇಲ್ಲ, ಯಾಕೆಂದರೆ ತಲೆಯ ಮುಂದೆ ಯಾವಾಗಲೂ ಇರುವುದು ಬಾಲ, ಅದು ಸರಿಯುತ್ತಲೇ ಇರುತ್ತದೆ. ಗಣಿತದಲ್ಲಿ ಇಂಥ ಸುತ್ತಿಗೆ ಹ್ಯಾಮಿಲ್ಟನ್ ಸುತ್ತು ಅನ್ನುತ್ತಾರೆ. 19ನೇ ಶತಮಾನದ ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಅವರ ಹೆಸರು ಅದು.

ಇದು ನಡೆಯಲು ಕಂಬಸಾಲುಗಳ ಸಂಖ್ಯೆ ಸಮ ಇರಬೇಕು. ಬೆಸ ಇದ್ದು ಅಡ್ಡಸಾಲುಗಳು ಸಮ ಇದ್ದರೆ ಇಡೀ ಯೋಜನೆಯನ್ನು ಅಡ್ಡ ತಿರುಗಿಸಿ. ಎಡಗಡೆಯ ಕಂಬಸಾಲು ರಸ್ತೆ, ಉಳುಮೆ ಅಡ್ಡಡ್ಡ.

ಎರಡೂ ಬೆಸ ಇದ್ದರೆ

ಗೂಗಲ್ ಸ್ನೇಕ್‌ನ ಸಾಮಾನ್ಯ ಬೋರ್ಡ್ 17 ಕಂಬಸಾಲು, 15 ಅಡ್ಡಸಾಲಿನದು. ಎರಡೂ ಬೆಸ. ಇಲ್ಲಿ ಎಲ್ಲ ಮನೆ ಮುಟ್ಟುವ ಸುತ್ತು ಹುಡುಕುತ್ತಾ ನಾನು ಚೌಕಗಳ ಹಾಳೆಯಲ್ಲಿ ಎಷ್ಟೋ ಸಂಜೆ ಗೆರೆ ಎಳೆದಿದ್ದೇನೆ. ಅಂಥ ಸುತ್ತು ಇಲ್ಲ. ಕಾರಣ ತುಂಬಾ ಚೆನ್ನಾಗಿದೆ, ಕೇಳಿ. ಬೋರ್ಡನ್ನು ಚೆಸ್ ಬೋರ್ಡಿನ ಹಾಗೆ ಕಪ್ಪು ಬಿಳಿ ಅಂತ ಬಣ್ಣ ಹಾಕಿ. ಹಾವಿನ ಪ್ರತಿ ಹೆಜ್ಜೆಯೂ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ. ಹೊರಟ ಮನೆಗೆ ವಾಪಸ್ ಬರಬೇಕಾದರೆ ಎರಡೂ ಬಣ್ಣದ ಮನೆಗಳು ಸಮವಾಗಿರಬೇಕು. ಆದರೆ ಒಟ್ಟು ಇರುವುದು 255 ಮನೆ. ಒಂದು ಬಣ್ಣದವು 128, ಇನ್ನೊಂದು 127. ಒಂದು ಮನೆ ಹೊರಗೆ ಉಳಿಯಲೇಬೇಕು.

ಹಾಗಂತ ಬೋರ್ಡ್ ತುಂಬಲು ಆಗುವುದಿಲ್ಲ ಅಂತೇನಿಲ್ಲ. ಒಂದು ಮನೆಯನ್ನು ಹೊರಗಿಟ್ಟು ಸುತ್ತು ಹಾಕೋಣ, ಆ ಮನೆಯಲ್ಲಿ ಹಣ್ಣು ಬಂದಾಗ ಇನ್ನೊಂದು ಮನೆಯ ಜೊತೆ ಅದಲು ಬದಲು ಮಾಡೋಣ. ದಾರಿ ಹೀಗಿದೆ.

ಎಡಮೇಲಿನ ಮೂಲೆಯಿಂದ ಹೊರಟು 1ರಿಂದ 15ನೇ ಕಂಬಸಾಲಿನವರೆಗೆ ಮೊದಲಿನ ಹಾಗೇ ಉಳುಮೆ ಮಾಡಿ. ಬೆಸ ಸಂಖ್ಯೆಯ ಸಾಲಿನಲ್ಲಿ ಕೆಳಗೆ, ಸಮ ಸಂಖ್ಯೆಯ ಸಾಲಿನಲ್ಲಿ ಮೇಲೆ, ಮೇಲಿನ ರಸ್ತೆ ಖಾಲಿ. 15ನೇ ಸಾಲಿನಲ್ಲಿ ಕೆಳಗೆ ಬಂದು ತಳ ಮುಟ್ಟುತ್ತೀರಿ. ಈಗ ಉಳಿದದ್ದು ಬಲಗಡೆಯ ಎರಡು ಕಂಬಸಾಲು, 16 ಮತ್ತು 17. ಇವನ್ನು ಉದ್ದುದ್ದ ಹೋಗಬೇಡಿ, ಮೆಟ್ಟಿಲು ಹತ್ತಿದ ಹಾಗೆ ಹತ್ತಿ. ತಳದ ಅಡ್ಡಸಾಲಿನಲ್ಲಿ 16, 17. ಒಂದು ಮನೆ ಮೇಲೆ. ಅಲ್ಲಿ 17ರಿಂದ 16ಕ್ಕೆ. ಮತ್ತೆ ಒಂದು ಮನೆ ಮೇಲೆ, 16ರಿಂದ 17ಕ್ಕೆ. ಹೀಗೆ ಹತ್ತುತ್ತಾ ಮೇಲಿನಿಂದ ಎರಡನೇ ಅಡ್ಡಸಾಲಿಗೆ ಬಂದಾಗ ನೀವು 17ರಿಂದ 16ಕ್ಕೆ ಹೋಗುತ್ತಿರುತ್ತೀರಿ. ಅಲ್ಲಿಂದ ಒಂದು ಮನೆ ಮೇಲೆ ಹೋದರೆ ರಸ್ತೆ. ಎಡಕ್ಕೆ ತಿರುಗಿ ಹೊರಟ ಮೂಲೆಗೆ ಬನ್ನಿ. ಹೊರಗೆ ಉಳಿದದ್ದು ಬಲಮೇಲಿನ ಮೂಲೆ ಒಂದೇ.

ಆ ಮೂಲೆಯಲ್ಲಿ ಹಣ್ಣು ಬಂತು ಅನ್ನಿ. ಎರಡನೇ ಅಡ್ಡಸಾಲಿನ 17ನೇ ಮನೆಗೆ ಬಂದಾಗ ಎಡಕ್ಕೆ ತಿರುಗುವ ಬದಲು ನೇರ ಮೇಲೆ ಹೋಗಿ ಮೂಲೆ ತಿನ್ನಿ, ಆಮೇಲೆ ಎಡಕ್ಕೆ. ಎರಡೂ ದಾರಿಯ ಉದ್ದ ಒಂದೇ. ಈ ಸುತ್ತಿಗೆ ಮೂಲೆಯ ಬದಲು ಅದರ ಕರ್ಣದಲ್ಲಿರುವ ಮನೆ ಹೊರಗೆ ಉಳಿಯಿತು, ಅಷ್ಟೇ. ಇಡೀ ಬೋರ್ಡಿನಲ್ಲಿ ನೀವು ತೀರ್ಮಾನ ಮಾಡಬೇಕಾದ ಜಾಗ ಇದೊಂದೇ. ಇದು ಹೊಳೆದ ದಿನ ನನಗೆ ಆದ ಖುಷಿ, ಮುಂದೆ ಬೋರ್ಡ್ ತುಂಬಿದ ದಿನವೂ ಆಗಲಿಲ್ಲ.

ಬೇರೆ ಆಟದಲ್ಲಿ ಆಡುತ್ತಿದ್ದರೆ ಮೊದಲು ಮನೆಗಳನ್ನು ಎಣಿಸಿಕೊಳ್ಳಿ. ಚೌಕಗಳ ಹಾಳೆಯಲ್ಲಿ ಅಷ್ಟೇ ದೊಡ್ಡ ಬೋರ್ಡ್ ಬರೆದು, ಪೆನ್ಸಿಲಿನಲ್ಲಿ ಸುತ್ತು ಎಳೆದು ನೋಡಿ. ಹಾಳೆಯಲ್ಲಿ ಹತ್ತು ಸಲ ಎಳೆದ ದಾರಿ ಪರದೆಯಲ್ಲಿ ತಪ್ಪುವುದಿಲ್ಲ.

ಅಡ್ಡದಾರಿ ಯಾವಾಗ

ಮೊದಲ ಹಣ್ಣಿನಿಂದಲೇ ಪೂರ್ತಿ ಸುತ್ತು ಹೊಡೆಯುತ್ತಾ ಕೂತರೆ ಬಹಳ ಹೊತ್ತಾಗುತ್ತದೆ. 255 ಮನೆಯ ಬೋರ್ಡಿನಲ್ಲಿ ಹಾವು ಚಿಕ್ಕದಿರುವಾಗ ಒಂದೊಂದು ಹಣ್ಣಿಗೆ ಸರಾಸರಿ 127 ಹೆಜ್ಜೆ ಆಗುತ್ತದೆ. ಬೇಜಾರು ಬಂದು ಗಮನ ತಪ್ಪುವುದೂ ಔಟ್ ಆಗಲು ಒಂದು ಕಾರಣವೇ. ಹಾಗಾಗಿ ಅಡ್ಡದಾರಿ ಬೇಕು, ಆದರೆ ನಿಯಮ ಇಟ್ಟುಕೊಂಡು.

ನಿಯಮ ಇದು: ಸುತ್ತಿನಲ್ಲಿ ಮುಂದಿರುವ ಸಾಲುಗಳನ್ನು ಬಿಟ್ಟು ನೆಗೆಯಬಹುದು, ಬಾಲವನ್ನು ದಾಟಿ ನೆಗೆಯಬಾರದು. ಉದಾಹರಣೆಗೆ ನೀವು 3ನೇ ಕಂಬಸಾಲಿನಲ್ಲಿ ಕೆಳಗೆ ಬರುತ್ತಿದ್ದೀರಿ, ಹಣ್ಣು 8ನೇ ಸಾಲಿನಲ್ಲಿದೆ, ಬಾಲ ಇನ್ನೂ ಮುಂದೆ 12ರಲ್ಲಿದೆ. ತಳದ ಸಾಲಿನಲ್ಲೇ ನೇರ 8ರವರೆಗೆ ಹೋಗಿ, ಅಲ್ಲಿಂದ ಮೇಲೆ ಹತ್ತಿ. 4ರಿಂದ 7ರವರೆಗಿನ ಸಾಲುಗಳು ಈ ಸುತ್ತಿಗೆ ಖಾಲಿ ಉಳಿಯುತ್ತವೆ, ತೊಂದರೆ ಇಲ್ಲ. ಸಮ ಸಂಖ್ಯೆಯ ಸಾಲಿಗೆ ತಳದಿಂದ ಹೋಗಬೇಕು, ಬೆಸ ಸಂಖ್ಯೆಯ ಸಾಲಿಗೆ ಮೇಲಿನಿಂದ ಎರಡನೇ ಅಡ್ಡಸಾಲಿನಿಂದ. ದಿಕ್ಕು ತಪ್ಪಿದರೆ ಸುತ್ತು ಕೆಡುತ್ತದೆ.

ಬಾಲ 8ನೇ ಸಾಲಿನ ಹತ್ತಿರವೇ ಇದ್ದರೆ ನೆಗೆಯಬೇಡಿ, ಹತ್ತಿಪ್ಪತ್ತು ಮನೆಯಾದರೂ ಅಂತರ ಉಳಿಯಲಿ. ಹಾವು ಬೋರ್ಡಿನ ಅರ್ಧಕ್ಕೆ ಬಂದ ಮೇಲೆ ನಾನು ಅಡ್ಡದಾರಿಯನ್ನು ಪೂರ್ತಿ ಬಿಡುತ್ತೇನೆ. ಆಗ ಉಳಿದಿರುವ ಖಾಲಿ ಜಾಗವೇ ಕಡಿಮೆ, ಸುತ್ತಿನಲ್ಲೇ ಹೋದರೂ ಹಣ್ಣು ಬೇಗ ಎದುರಾಗುತ್ತದೆ.

ಅಭ್ಯಾಸ

ದಿನಕ್ಕೆ 20 ನಿಮಿಷ ಸಾಕು. ಮೊದಲ ವಾರ ಬರಿ ಉಳುಮೆ ಸಾಲು, ನಿಧಾನದ ವೇಗದಲ್ಲಿ. ಎರಡನೇ ವಾರ ಚಿಕ್ಕ ಬೋರ್ಡಿನಲ್ಲಿ ಪೂರ್ತಿ ಸುತ್ತು, ಅಡ್ಡದಾರಿ ಇಲ್ಲದೆ. ಅದು ತುಂಬಿದ ಮೇಲೆ ದೊಡ್ಡದಕ್ಕೆ ಹೋಗಿ. ವೇಗ ಮಾತ್ರ ಎಲ್ಲಕ್ಕಿಂತ ಕೊನೆಗೆ ಹೆಚ್ಚಿಸಿ. ನಿಧಾನದಲ್ಲಿ ಬಾರದ್ದು ವೇಗದಲ್ಲಿ ಬರುವುದಿಲ್ಲ.

ಔಟ್ ಆದ ಪ್ರತಿ ಸಲವೂ ಒಂದು ಸಾಲು ಬರೆಯಿರಿ. ಗೋಡೆಯಾ, ಮೈಯಾ, ಸಂದಿಯಾ, ಎರಡು ಕೀ ಬೇಗ ಒತ್ತಿದ್ದಾ. ಒಂದೇ ಕಾರಣ ಮೂರು ಸಲ ಬಂದರೆ ಆ ಒಂದನ್ನೇ ಹಿಡಿದು ಮರುದಿನ ಅಭ್ಯಾಸ ಮಾಡಿ. ಕಣ್ಣು ಉರಿಯಲು ಶುರುವಾದರೆ, ಮಣಿಕಟ್ಟು ಬಿಗಿದುಕೊಂಡರೆ ಎದ್ದುಬಿಡಿ. 1984ರ ಜನವರಿಯಲ್ಲಿ ಅಮೆರಿಕದ ಟಿಮ್ ಮೆಕ್‌ವೇ ಅನ್ನುವ ಹುಡುಗ ನಿಬ್ಲರ್ ಅನ್ನುವ ಹಾವಿನ ಆರ್ಕೇಡ್ ಆಟವನ್ನು 40 ಗಂಟೆಗೂ ಜಾಸ್ತಿ ಹೊತ್ತು ಆಡಿ, ಒಂದೇ ಆಟದಲ್ಲಿ 100 ಕೋಟಿ ಅಂಕ ದಾಟಿದ್ದ. ಅದು ದೊಡ್ಡ ಸಾಧನೆ, ಗೌರವದಿಂದಲೇ ಹೇಳುತ್ತೇನೆ. ನಿಮಗೆ ಅಷ್ಟು ಹೊತ್ತು ಬೇಕಿಲ್ಲ.

ಕೊನೆಯ 20 ಹಣ್ಣುಗಳ ಬಗ್ಗೆ ಒಂದು ಮಾತು. ಅಷ್ಟು ಹೊತ್ತಿಗೆ ಬೋರ್ಡಿನ ತುಂಬ ಹಾವೇ ಇರುತ್ತದೆ, ಎದೆ ಡವಗುಟ್ಟುತ್ತಿರುತ್ತದೆ, ಕಣ್ಣು ತಾನಾಗಿಯೇ ಹಣ್ಣನ್ನು ಹುಡುಕುತ್ತದೆ. ಹುಡುಕಬೇಡಿ. ತಾಳ ತಪ್ಪದೆ ಸಾಲು ಹೊಡೆಯುತ್ತಾ ಹೋಗಿ, ಬಲಮೇಲಿನ ಮೂಲೆಗೆ ಬಂದಾಗ ಮಾತ್ರ ಹಣ್ಣು ಅಲ್ಲಿದೆಯಾ ಅಂತ ಒಮ್ಮೆ ನೋಡಿ. ಉಳಿದ ಹಣ್ಣುಗಳೆಲ್ಲ ದಾರಿಯಲ್ಲೇ ಸಿಗುತ್ತವೆ. ಒಂದು ಸುತ್ತಿನಲ್ಲಿ ತಲೆ ಬಂದು ಬಾಲದ ತುದಿಗೆ ತಾಗಿಕೊಂಡೇ ಓಡುತ್ತಿರುತ್ತದೆ, ನಡುವೆ ಒಂದು ಮನೆಯೂ ಇರುವುದಿಲ್ಲ. ಕೊನೆಯ ಹಣ್ಣು ತಿಂದಾಗ ಹೊಸದನ್ನು ಇಡಲು ಬೋರ್ಡಿನಲ್ಲಿ ಜಾಗ ಉಳಿದಿರುವುದಿಲ್ಲ.